ನಿಲ್ಲಿಸಿದ ಮೇಲೆ ಎರಡು ನಿಮಿಷ

ಮಾರ್ಚ್ 3, ಸೋಮವಾರ

ಜಾಬ್ ಕಾರ್ಡಿನಲ್ಲಿ ‘ದೂರು’ ಎಂಬ ಕಾಲಮ್ಮಿಗೆ ಎರಡೂವರೆ ಗೆರೆಯ ಜಾಗ ಬಿಟ್ಟಿದ್ದಾರೆ. ಹದಿನಾಲ್ಕನೇ ನಂಬರ್ ಲಾರಿಯ ದೂರು ಅದರಲ್ಲಿ ಮುಗಿಯುವ ಹಾಗೆ ಕಾಣುತ್ತಿಲ್ಲ. ಒಂದು ತಿಂಗಳೊಳಗೆ ಇದು ಎರಡನೇ ಸಲ. ಔಷಧಿ ಕಂಪನಿಯವರು ನಮ್ಮ ಮನೆಯವರಿಗೆ ಕೊಟ್ಟ ಡೈರಿ ಎರಡು ತಿಂಗಳಿಂದ ಫ್ರಿಜ್ಜಿನ ಮೇಲೆ ಖಾಲಿ ಬಿದ್ದಿತ್ತು. ಇನ್ನು ಇದರಲ್ಲಿ ಬರೆದಿಡುತ್ತೇನೆ. ಲಾರಿಯ ವಿಷಯ ಮಾತ್ರ.

ದೂರು ಏನೆಂದರೆ, ಯೂರಿಯಾ ಒತ್ತಡ ಕಡಿಮೆ. ಸಂಜೆ ಟೀ ಕುಡಿಯುವಾಗ ಮನೆಯವರು, "ಯೂರಿಯಾ ಬೆಳೆಗೆ ಹಾಕೋದಲ್ವಾ, ಲಾರಿಗ್ಯಾಕೆ?" ಎಂದರು. ಅವರದು ಔಷಧಿ ಅಂಗಡಿ, ಅವರ ಭಾಷೆಯಲ್ಲೇ ಹೇಳಿದೆ. ಲಾರಿಯ ಹೊಗೆಗೆ ಅದು ಔಷಧಿ. ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ನೀಲಿ ಮುಚ್ಚಳದ ಇನ್ನೊಂದು ಸಣ್ಣ ಟ್ಯಾಂಕ್ ಇರುತ್ತದೆ, ಅದರಲ್ಲಿ ಯೂರಿಯಾ ಬೆರೆಸಿದ ಶುದ್ಧ ನೀರು. ಒಂದು ಪಂಪು ಅದನ್ನು ಎಳೆದು ಒಂಬತ್ತು ಬಾರ್ ಒತ್ತಡದಲ್ಲಿ ತಳ್ಳುತ್ತದೆ, ಒಂದು ನಾಜಲ್ಲು ಅದನ್ನು ಸೈಲೆನ್ಸರಿನ ಕಡೆಗೆ ಹೋಗುವ ಹೊಗೆಯ ಮೇಲೆ ಸಿಂಪಡಿಸುತ್ತದೆ. ಒತ್ತಡ ಬರದಿದ್ದರೆ ಔಷಧಿ ಬೀಳುವುದಿಲ್ಲ. ಆಗ ಲಾರಿಯೊಳಗಿನ ಕಂಪ್ಯೂಟರ್ ಎಂಜಿನ್ನಿನ ಕುತ್ತಿಗೆ ಹಿಡಿಯುತ್ತದೆ. ಏರಿನಲ್ಲಿ ಸೈಕಲ್ಲುಗಳು ಹಿಂದೆ ಹಾಕಿ ಹೋಗುತ್ತವೆ.

"ಅಂದ್ರೆ ಔಷಧಿ ತಗೊಳ್ದಿದ್ರೆ ಕೆಲಸಕ್ಕೆ ಬಿಡಲ್ಲ ಅಂತ. ನಮ್ಮ ಗಿರಾಕಿಗಳಿಗೂ ಹೀಗೇ ಒಂದು ವ್ಯವಸ್ಥೆ ಬೇಕಿತ್ತು," ಎಂದರು.

ಹದಿನಾಲ್ಕರ ಡ್ರೈವರ್ ನನ್ನ ತಮ್ಮ. ಒಮ್ಮೆ ಬರೆದೆ, ಮುಗಿಯಿತು. ವರ್ಕ್‌ಶಾಪಿನ ಗೇಟಿನೊಳಗೆ ನನಗೆ ತಮ್ಮನಿಲ್ಲ, ಹದಿನಾಲ್ಕರ ಡ್ರೈವರ್ ಇದ್ದಾನೆ. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗಿನಿಂದ ಗೇಟಿನ ಹೊರಗೂ ಹೆಚ್ಚುಕಡಿಮೆ ಹಾಗೆಯೇ. ಇಡೀ ವರ್ಕ್‌ಶಾಪು ನನ್ನನ್ನು ಅಕ್ಕ ಎನ್ನುತ್ತದೆ. ಅರವತ್ತು ದಾಟಿದ ವೆಲ್ಡರ್ ಕೂಡ, ಸಂಬಳ ಕೊಡುವ ಯಜಮಾನರು ಕೂಡ. ಅವನೊಬ್ಬ ಮೇಡಂ ಎನ್ನುತ್ತಾನೆ.

ಲಾರಿ ನಿಲ್ಲಿಸಿ, ಇಳಿದು, ಬ್ಯಾಟರಿಯ ಮೇನ್ ಸ್ವಿಚ್ ತಿರುಗಿಸಿ, ಕೀಯನ್ನು ಮೊಳೆಗೆ ಹಾಕಿ ಕೈಕಟ್ಟಿ ನಿಂತ. ಶಿಸ್ತಿಗೆ ಕೊರತೆಯಿಲ್ಲ.

"ಏನಾಯ್ತು?"

"ಎಳೀತಿಲ್ಲ ಮೇಡಂ."

"ಯಾವಾಗಿಂದ?"

"ನಿನ್ನೆಯಿಂದ ಮೇಡಂ."

ಪಂಪಿನ ಫಿಲ್ಟರ್ ಬದಲಿಸಿ ಕಳಿಸಿದೆ.

ಮಾರ್ಚ್ 12, ಬುಧವಾರ

ಹದಿನಾಲ್ಕು ಮತ್ತೆ ಬಂತು. ಒಂಬತ್ತೇ ದಿನ.

ಒತ್ತಡ ನೋಡಲು ಲಾರಿಯ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ಪಂಪು ಓಡಿಸಿದೆ. ಒಂದು, ಎರಡೂವರೆ, ನಾಲ್ಕು, ನಾಲ್ಕೂವರೆ. ಅಲ್ಲಿಗೆ ನಿಂತಿತು. ಪಂಪು ಏದುಸಿರು ಬಿಡುತ್ತದೆ, ಮುಳ್ಳು ಮೇಲೇಳುವುದಿಲ್ಲ. ಟ್ಯಾಂಕಿನಿಂದ ಬರುವ ಪೈಪು ಬಿಚ್ಚಿ, ಹೊಸ ಯೂರಿಯಾ ಇದ್ದ ಬೇರೆ ಕ್ಯಾನಿನಿಂದ ಎಳೆಸಿ ನೋಡಿದೆ. ಆಗಲೂ ನಾಲ್ಕೂವರೆ. ಅಂದರೆ ಟ್ಯಾಂಕಿನದು ತಪ್ಪಿಲ್ಲ, ಅಲ್ಲಿಯವರೆಗಿನ ಪೈಪಿನದೂ ಇಲ್ಲ. ಕಾಯಿಲೆ ಪಂಪಿನಲ್ಲಿ ಅಥವಾ ಪಂಪು ದಾಟಿದ ಮೇಲೆ.

ಪಂಪಿನಿಂದ ನಾಜಲ್ಲಿಗೆ ಹೋಗುವ ಪೈಪು ಬಿಚ್ಚಿದಾಗ ಒಳಗೆಲ್ಲ ಬಿಳಿ ಹರಳು. ಕಲ್ಲುಪ್ಪು ಕಟ್ಟಿದ ಹಾಗೆ. ಯೂರಿಯಾ ನಿಂತಲ್ಲೇ ಒಣಗಿದರೆ ಹೀಗಾಗುತ್ತದೆ. ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ, ಬಿಸಿನೀರಿಗೆ ಕರಗುತ್ತದೆ. ಮೂರು ಕೆಟಲ್ ನೀರು ಕಾಯಿಸಿದೆ. ಪಂಪಿನ ಒಳಗೂ ಹರಳು ಕೂತು ಡಯಾಫ್ರಾಮ್ ಎಂಬ ರಬ್ಬರ್ ಪೊರೆ ಹರಿದಿತ್ತು. ಹೊಸ ಪಂಪಿಗೆ ಬರೆದುಕೊಟ್ಟೆ.

ಯಜಮಾನರು ಬಂದು ಹರಳನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಅಕ್ಕ, ಇದು ನೀರು ಬೆರೆಸಿರೋದಲ್ವಾ? ಯೂರಿಯಾ ಹೊರಗೆ ಮಾರ್ಕೊಂಡು ನಲ್ಲಿ ನೀರು ತುಂಬಿಸ್ತಾರಂತೆ ಕೆಲವರು." ಟ್ಯಾಂಕಿನಿಂದ ಒಂದು ತೊಟ್ಟು ತೆಗೆದು ಸಾಂದ್ರತೆಯ ಮಾಪಕದ ಗಾಜಿನ ಮೇಲೆ ಹಾಕಿದೆ. ಯೂರಿಯಾ ನೂರಕ್ಕೆ ಮೂವತ್ತೆರಡೂವರೆ ಇರಬೇಕು, ಮೂವತ್ತೆರಡೂವರೆ ಇತ್ತು. ಅವರಿಗೆ ತೋರಿಸಿದೆ. "ಇಲ್ಲಿಗೆ ಬರೋ ಮುಂಚೆ ಒಳ್ಳೇದು ತುಂಬಿಸ್ಕೊಂಡು ಬಂದಿದ್ರೆ?" ಎಂದರು. ಅದನ್ನು ತೋರಿಸುವ ಮಾಪಕ ನನ್ನ ಹತ್ತಿರ ಇಲ್ಲ.

ಮಾರ್ಚ್ 14, ಶುಕ್ರವಾರ

ಹೊಸ ಪಂಪು ಕೂರಿಸಿದೆ. ಒಂಬತ್ತು ಬಾರ್. ಮುಳ್ಳು ಅಲುಗಾಡದೆ ನಿಂತಿತು. ಡ್ರೈವರ್ ಥ್ಯಾಂಕ್ಸ್ ಮೇಡಂ ಎಂದ.

ಮಾರ್ಚ್ 21, ಶುಕ್ರವಾರ

ಹೊಸ ಪಂಪಿಗೆ ಏಳು ದಿನ ಆಯಸ್ಸು. ಐದು ಬಾರ್. ಮತ್ತೆ ಹರಳು, ಮತ್ತೆ ಕೆಟಲ್. ವೆಲ್ಡರ್ ಹಾದು ಹೋಗುವಾಗ, "ಅಕ್ಕ, ನಂಗೂ ಒಂದ್ ಲೋಟ ಇಡಿ, ಸಕ್ಕರೆ ಕಮ್ಮಿ," ಎಂದ. ಯಾರೂ ನಗಲಿಲ್ಲ. ಅವನೇ ನಕ್ಕುಕೊಂಡು ಹೋದ.

ಕೂತು ಯೋಚಿಸಿದೆ. ಇದೇ ಮಾದರಿಯ ಲಾರಿಗಳು ನಮ್ಮಲ್ಲಿ ಆರಿವೆ. ಆರಕ್ಕೂ ಒಂದೇ ಡ್ರಮ್ಮಿನ ಯೂರಿಯಾ, ಒಂದೇ ರಸ್ತೆ, ಒಂದೇ ಬಿಸಿಲು. ಐದಕ್ಕೆ ಏನೂ ಆಗಿಲ್ಲ. ಹದಿನಾಲ್ಕಕ್ಕೆ ಮಾತ್ರ ಆಗುತ್ತಿದೆ. ಬೇರೆಯಾಗಿರುವುದು ಒಂದೇ, ಡ್ರೈವರ್. ಇದನ್ನು ನಾನು ಯಾವ ಡ್ರೈವರಿಗಾದರೂ ಹೇಳುತ್ತಿದ್ದೆ. ತಮ್ಮ ಎಂದು ಲೆಕ್ಕ ಬದಲಾಯಿಸಲು ಬರುವುದಿಲ್ಲ.

ಅವನನ್ನು ಕರೆದು ಹತ್ತು ಪ್ರಶ್ನೆ ಕೇಳಿದೆ. ಎಲ್ಲಿ ತುಂಬಿಸುತ್ತೀಯ, ಯಾವ ಕ್ಯಾನು, ಮುಚ್ಚಳ ಬಿಗಿ ಮಾಡುತ್ತೀಯಾ, ಎಷ್ಟು ಕಿಲೋಮೀಟರಿಗೆ ದೀಪ ಬಂತು, ಎಷ್ಟು ವೇಗದಲ್ಲಿದ್ದೆ. ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟ. ಕೊನೆಯಲ್ಲಿ, "ಮೇಡಂ, ನಾನು ನೀವು ಹೇಳಿರೋ ತರಾನೇ ಎಲ್ಲಾ..." ಎಂದು ಶುರುಮಾಡಿದ. "ಕೇಳಿದ್ದಕ್ಕಷ್ಟೇ ಹೇಳು," ಎಂದೆ. ಸರಿ ಮೇಡಂ ಎಂದ.

ಮಾರ್ಚ್ 22, ಶನಿವಾರ

ಯಜಮಾನರಿಗೆ ಬರಹದಲ್ಲಿ ಬೇಕಿತ್ತು. ಬರೆದೆ: "ಯಾಂತ್ರಿಕ ದೋಷ ಕಂಡುಬಂದಿಲ್ಲ. ಬಳಕೆಯಲ್ಲಿ ಲೋಪ ಅಥವಾ ದ್ರವದಲ್ಲಿ ಕಲಬೆರಕೆ ಇರಬಹುದು." ಸಹಿ ಹಾಕಿದೆ.

‘ಇರಬಹುದು’ ಎಂದೇ ಬರೆದದ್ದು. ‘ಇದೆ’ ಎಂದಲ್ಲ.

ಅವರು ಹದಿನಾಲ್ಕರ ಕೀಯನ್ನು ತಾವೇ ಮೊಳೆಯಿಂದ ತೆಗೆದು ಇನ್ನೊಬ್ಬ ಡ್ರೈವರಿಗೆ ಕೊಟ್ಟರು. ಅವನು ದಿನವಿಡೀ ಹಾಡುತ್ತಿರುತ್ತಾನೆ, ಎಲ್ಲರಿಗೂ ಹಾಡುಗಾರ. ಹಳೆಯ ಡ್ರೈವರಿಗೆ ಅಂಗಳದಲ್ಲಿ ಲಾರಿ ತೊಳೆಯುವ ಕೆಲಸ. ಅದೂ ಏಪ್ರಿಲ್ ಮೂವತ್ತರವರೆಗೆ. ಆಮೇಲೆ ಬೇರೆ ಕಡೆ ನೋಡಿಕೊಳ್ಳಲಿ ಎಂದರು. ಯೂರಿಯಾ ಕದ್ದವನು ಎಂಬ ಹೆಸರು ಹೊತ್ತವನಿಗೆ ಬೇರೆ ಕಡೆ ಯಾರು ಕೀ ಕೊಡುತ್ತಾರೆ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು.

ಮಾರ್ಚ್ 26, ಬುಧವಾರ

ಹದಿನಾಲ್ಕು ಚೆನ್ನಾಗಿ ಓಡುತ್ತಿದೆ.

ಏಪ್ರಿಲ್ 2, ಬುಧವಾರ

ಒಂಬತ್ತು ಬಾರ್. ಪೈಪು ಬಿಚ್ಚಿ ನೋಡಿದೆ, ಕನ್ನಡಿಯ ಹಾಗಿದೆ. ಯಜಮಾನರು, "ನೋಡಿದ್ರಾ ಅಕ್ಕ? ಕೈ ಬದಲಾದ್ರೆ ಕಾಯಿಲೆ ಹೋಯ್ತು," ಎಂದರು. ನೋಡಿದೆ. ನನ್ನ ತರ್ಕ ಸರಿಯಾಗಿತ್ತು. ಸಂತೋಷವಾಗಬೇಕಿತ್ತು, ಆಗಲಿಲ್ಲ. ಬಹುಶಃ ಮಧ್ಯಾಹ್ನ ಸರಿಯಾಗಿ ಊಟ ಮಾಡದ್ದರಿಂದ.

ಅಂಗಳದಲ್ಲಿ ಅವನು ಏಳನೇ ನಂಬರಿನ ಚಕ್ರ ತೊಳೆಯುತ್ತಿದ್ದ. ತೋಳು ಮಡಚಿದ್ದ, ಎಡಗೈಯ ಸುಟ್ಟ ಕಲೆ ಕಾಣುತ್ತಿತ್ತು. ಏಳು ವರ್ಷದ ಹಿಂದೆ ಇದೇ ಅಂಗಳದಲ್ಲಿ ನಿಂತಿದ್ದ ಲಾರಿಗೆ ವೈರ್ ಶಾರ್ಟ್ ಆಗಿ ಬೆಂಕಿ ಹತ್ತಿತು. ಒಳಗೆ ಮಲಗಿದ್ದವನು ಇವನೇ. ಬಾಗಿಲು ಒದ್ದು ಹೊರಗೆ ಬಿದ್ದ. ಮರುದಿನ ನಾನು ಗೇಟಿನ ಪಕ್ಕದ ಗೋಡೆಗೆ ಬೋರ್ಡ್ ಬರೆಸಿದೆ: "ಎಂಜಿನ್ ನಿಂತ ತಕ್ಷಣ ಬ್ಯಾಟರಿ ಮೇನ್ ಸ್ವಿಚ್ ಆಫ್ ಮಾಡತಕ್ಕದ್ದು." ಕೆಂಪು ಅಕ್ಷರ, ಕೆಳಗೆ ನನ್ನ ಸಹಿ. ಅಂದಿನಿಂದ ನಮ್ಮಲ್ಲಿ ಒಂದು ಬೀಡಿಯಷ್ಟು ಹೊಗೆಯೂ ಎದ್ದಿಲ್ಲ. ಆ ಬೋರ್ಡಿನ ಬಗ್ಗೆ ನನಗೆ ಹೆಮ್ಮೆ ಇದೆ ಎಂದರೆ ಸುಳ್ಳಲ್ಲ.

ಏಪ್ರಿಲ್ 9, ಬುಧವಾರ

ರಾತ್ರಿ ಊಟಕ್ಕೆ ಕೂತಾಗ ಮನೆಯವರು, "ಅವನಿಗೆ ಒಂದ್ಸಲ ಫೋನ್ ಮಾಡ್ಬಾರ್ದಾ?" ಎಂದರು.

"ಮಾಡಿ ಏನು ಹೇಳ್ಲಿ?"

"ನೀನು ಹೇಳೋದು ಬೇಡ, ಕೇಳಿಸ್ಕೋ. ನಿನ್ನ ಜೊತೆ ಫೋನಲ್ಲಿ ಮಾತಾಡೋದು ಅಂದ್ರೆ ಬಸ್ ಹತ್ತಿದ ಹಾಗೆ. ಒಂದು ಕಾಲು ಇಟ್ಟಿರ್ತೀವಿ, ರೈಟ್ ಅಂದ್ಬಿಡ್ತೀಯ."

ಮೊಸರು ತರಲು ಎದ್ದು ಹೋದೆ. ಮೊಸರು ಮೇಜಿನ ಮೇಲೇ ಇತ್ತು.

ಅಮ್ಮ ಹೋದ ದಿನದ ವಿಷಯ ಬರೆದುಬಿಡುತ್ತೇನೆ, ತಲೆಯಿಂದ ಇಳಿಯಲಿ. ಕೊನೆಯ ಮೂರು ದಿನ ಅವಳು "ಚಿಕ್ಕೋನು ಬಂದ್ನಾ?" ಎಂದೇ ಕೇಳುತ್ತಿದ್ದಳು. ಅವನು ಲೋಡು ಹಾಕಿಕೊಂಡು ದೂರ ಹೋಗಿದ್ದ. ಬರುತ್ತಿದ್ದೇನೆ ಎನ್ನುತ್ತಿದ್ದ, ಬರಲಿಲ್ಲ. ಸಂಜೆ ಅವಳು ಹೋದಳು. ಫೋನ್ ಮಾಡಿ ಹೇಳಿದೆ, ಇಟ್ಟೆ. ಮರುದಿನ ಬೆಳಿಗ್ಗೆ ಬಂದು ಬಾಗಿಲ ಹತ್ತಿರ ನಿಂತ. ನಾನು ಮಾತಾಡಲಿಲ್ಲ.

ಇದು ಲಾರಿಯ ವಿಷಯವಲ್ಲ.

ಏಪ್ರಿಲ್ 14, ಸೋಮವಾರ

ಅವನು ನನ್ನ ಸ್ಕೂಟರನ್ನೂ ತೊಳೆದಿಟ್ಟಿದ್ದ. ನಾನು ಹೇಳಿರಲಿಲ್ಲ. ಕನ್ನಡಿಯ ಹಿಂಭಾಗವನ್ನೂ ಒರೆಸಿದ್ದ. ಕದಿಯುವವನು ಕನ್ನಡಿಯ ಹಿಂಭಾಗ ಒರೆಸುವುದಿಲ್ಲ. ಇದು ಪುರಾವೆಯಲ್ಲ, ಗೊತ್ತು. ಸುಮ್ಮನೆ ಬರೆದೆ.

ಏಪ್ರಿಲ್ 16, ಬುಧವಾರ

ಇವತ್ತಿನದನ್ನು ಬಿಡದೆ ಬರೆಯಬೇಕು.

ಸಂಜೆ ಐದೂವರೆಗೆ ಲಾರಿಗಳು ಒಂದೊಂದಾಗಿ ಒಳಗೆ ಬರುವ ಹೊತ್ತು. ದಿನಾ ಐದಕ್ಕೇ ಹೊರಟುಬಿಡುವ ನಾನು ಇವತ್ತು ಸ್ಕೂಟರಿನ ಕೀ ಹುಡುಕುತ್ತ ಗೇಟಿನ ಹತ್ತಿರ ನಿಂತಿದ್ದೆ. ಎಂಟು ಬಂತು. ಡ್ರೈವರ್ ಎಂಜಿನ್ ನಿಲ್ಲಿಸಿದ, ಇಳಿದ, ಊಟದ ಡಬ್ಬಿ ಹಿಡಿದು ಹೋದ. ಮೇನ್ ಸ್ವಿಚ್ ಮುಟ್ಟಲಿಲ್ಲ. ಹನ್ನೊಂದು ಬಂತು. ಅವನೂ ಮುಟ್ಟಲಿಲ್ಲ. ಒಂಬತ್ತರವನು ಬೋರ್ಡಿನ ಕೆಳಗೇ ಗೋಡೆಗೆ ಬೆನ್ನು ಒರಗಿಸಿ ಬೀಡಿ ಹಚ್ಚಿದ. ನನಗೆ ಉರಿದುಹೋಯಿತು. ಕೊನೆಗೆ ಹಾಡುಗಾರ ಹದಿನಾಲ್ಕನ್ನು ತಂದು ನಿಲ್ಲಿಸಿ, ಹಾಡುತ್ತಲೇ ಇಳಿದು ಹೊರಟ. ತಡೆದೆ.

"ಏನಯ್ಯಾ, ಕಣ್ಣು ಕಾಣ್ಸಲ್ವಾ? ಗೋಡೆ ಮೇಲೆ ಏನ್ ಬರ್ದಿದೆ?"

ಅವನು ಬೋರ್ಡನ್ನು ಇವತ್ತೇ ಮೊದಲು ನೋಡುವವನ ಹಾಗೆ ನೋಡಿದ. "ಓ, ಅದಾ! ಅಕ್ಕ, ಬೇಜಾರ್ ಮಾಡ್ಕೋಬೇಡಿ. ಅದನ್ನ ಪಾಲಿಸೋನು ಒಬ್ನೇ ಇದ್ದ. ಅವನನ್ನೂ ಲಾರಿ ತೊಳ್ಯೋಕೆ ಹಾಕಿದೀರಿ."

ಬೈಯಬೇಕೆಂದು ಬಾಯಿ ತೆರೆದೆ. ಆಗ ಕೇಳಿಸಿತು. ನಿಂತಿದ್ದ ಲಾರಿಯ ಹೊಟ್ಟೆಯಿಂದ ಗುರ್ ಎಂಬ ಸಣ್ಣ ಸದ್ದು. ಯೂರಿಯಾ ಪಂಪು. ಎಂಜಿನ್ ನಿಂತ ಮೇಲೆ ಅದು ತಿರುಗುಮುರುಗಾಗಿ ಓಡಿ, ಪೈಪಿನಲ್ಲಿ ಉಳಿದ ಯೂರಿಯಾವನ್ನು ಟ್ಯಾಂಕಿಗೆ ವಾಪಸ್ಸು ಎಳೆದುಕೊಳ್ಳುತ್ತದೆ, ಒಣಗಿ ಹರಳಾಗದಿರಲಿ ಎಂದು. ಗಡಿಯಾರ ನೋಡಿದೆ. ಒಂದು ನಿಮಿಷ ನಲವತ್ತು ಸೆಕೆಂಡ್. ಆಮೇಲೆ ಟಕ್ ಎಂದು ನಿಂತಿತು.

ಆ ಪಂಪಿಗೆ ಕರೆಂಟ್ ಬರುವುದು ಬ್ಯಾಟರಿಯಿಂದ. ಎಂಜಿನ್ ನಿಂತ ತಕ್ಷಣ ಮೇನ್ ಸ್ವಿಚ್ ಆಫ್ ಮಾಡಿದರೆ ಅದು ಓಡುವುದಿಲ್ಲ. ಪೈಪಿನ ತುಂಬ ಯೂರಿಯಾ ಹಾಗೇ ನಿಲ್ಲುತ್ತದೆ, ಎಂಜಿನ್ನಿನ ಕಾವಿಗೆ ಒಣಗುತ್ತದೆ. ದಿನಾ ಒಂದು ಪದರ, ಏಳೋ ಒಂಬತ್ತೋ ದಿನಕ್ಕೆ ಪಂಪು ಕಟ್ಟುತ್ತದೆ.

ಇದು ನನಗೆ ಗೊತ್ತಿಲ್ಲದ್ದಲ್ಲ. ಪುಸ್ತಕದಲ್ಲಿದೆ, ಪುಟವೂ ಗೊತ್ತು. ಬೋರ್ಡ್ ಬರೆಸಿದಾಗ ಯೂರಿಯಾ ಲಾರಿ ನಮ್ಮಲ್ಲಿ ಒಂದೂ ಇರಲಿಲ್ಲ. ಈ ಫೆಬ್ರವರಿಯಲ್ಲಿ ಅವು ಬಂದ ಮೇಲೆ ಬೋರ್ಡಿನ ಕಡೆ ನಾನು ತಿರುಗಿ ನೋಡಲಿಲ್ಲ. ಐದು ಲಾರಿಗಳು ಚೆನ್ನಾಗಿರುವುದಕ್ಕೆ ಕಾರಣ, ಅವುಗಳ ಡ್ರೈವರುಗಳು ನನ್ನ ಮಾತಿಗೆ ಮೂರು ಕಾಸಿನ ಬೆಲೆ ಕೊಡಲಿಲ್ಲ. ಹದಿನಾಲ್ಕು ಹಾಳಾದದ್ದು ಒಬ್ಬ ಕೊಟ್ಟದ್ದರಿಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕಿದವಳು ನಾನೇ, ಜ್ವರ ತರಿಸಿದವಳೂ ನಾನೇ.

ಹತ್ತು ಪ್ರಶ್ನೆ ಕೇಳಿದ್ದೆ. ಹತ್ತೂ ಲಾರಿ ಓಡುವಾಗಿನದು. ನಿಲ್ಲಿಸಿದ ಮೇಲೆ ಏನು ಮಾಡುತ್ತೀಯ ಎಂದು ಕೇಳಲಿಲ್ಲ. ಅವನು ಅದನ್ನೇ ಹೇಳಲು ಹೊರಟಿದ್ದ.

ಏಪ್ರಿಲ್ 17, ಗುರುವಾರ

ಅನ್ನಿಸಿದ್ದನ್ನೆಲ್ಲ ರಿಪೋರ್ಟಿನಲ್ಲಿ ಬರೆಯಬಾರದು ಎಂದು ಒಮ್ಮೆ ಪಾಠ ಆಗಿದೆ. ಈ ಸಲ ಯಜಮಾನರನ್ನು ಕರೆದು ಕಣ್ಣಾರೆ ತೋರಿಸಿದೆ.

ಹದಿನಾಲ್ಕನ್ನು ಅರ್ಧ ಗಂಟೆ ಓಡಿಸಿ ತಂದು ನಿಲ್ಲಿಸಿದೆ. ತಕ್ಷಣ ಮೇನ್ ಸ್ವಿಚ್ ಆಫ್. ನಾಜಲ್ಲಿನ ಕಡೆಯ ಪೈಪು ಬಿಚ್ಚಿ ಟೀ ಲೋಟದೊಳಕ್ಕೆ ಬಗ್ಗಿಸಿದೆ. ಅರ್ಧ ಲೋಟ ಬಂತು. ಪೈಪು ಮತ್ತೆ ಹಾಕಿ ಇನ್ನೊಮ್ಮೆ ಓಡಿಸಿದೆ. ಈ ಸಲ ನಿಲ್ಲಿಸಿ ಎರಡು ನಿಮಿಷ ಕಾದೆ, ಪಂಪಿನ ಸದ್ದು ನಿಂತ ಮೇಲೆ ಆಫ್ ಮಾಡಿದೆ. ಇನ್ನೊಂದು ಲೋಟ ಹಿಡಿದೆ. ಮೂರು ಹನಿ.

ಎರಡೂ ಲೋಟವನ್ನು ಅವರ ಮೇಜಿನ ಮೇಲೆ ಇಟ್ಟೆ. ಅವರು ಎರಡನ್ನೂ ನೋಡಿದರು, ಆಮೇಲೆ ನನ್ನನ್ನು.

"ಹಂಗಾದ್ರೆ ನೀರು ಬೆರೆಸಿದ್ದು, ಮಾರಿದ್ದು?"

"ಯಾರೂ ಬೆರೆಸಿಲ್ಲ, ಯಾರೂ ಮಾರಿಲ್ಲ. ನನ್ನ ಬೋರ್ಡು."

"ಸರಿ ಬಿಡಿ ಅಕ್ಕ, ‘ತಾಂತ್ರಿಕ ಕಾರಣ’ ಅಂತ ಒಂದು ಸಾಲು ಬರೀರಿ. ನಿಮ್ಮ ಹೆಸರು ಯಾಕೆ ಎಳ್ಕೋತೀರಾ? ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು."

"ಅವನ ಹೆಸರು ಬರೆಯೋವಾಗ ಈ ಗಾದೆ ನೆನಪಾಗಿರ್ಲಿಲ್ವಲ್ಲ," ಎಂದೆ. ಅವರಿಗೆ ಹೇಳಿದೆನೋ ನನಗೇ ಹೇಳಿಕೊಂಡೆನೋ ತಿಳಿಯದು.

ಬರೆದದ್ದು: "ಕಾರಣ: ವರ್ಕ್‌ಶಾಪಿನ ತಪ್ಪು ಸೂಚನೆ. ಸೂಚನೆ ಕೊಟ್ಟವರು ಕೆಳಗೆ ಸಹಿ ಮಾಡಿದವರೇ. ಚಾಲಕ ಸೂಚನೆಯನ್ನು ಅಕ್ಷರಶಃ ಪಾಲಿಸಿದ್ದಾರೆ. ಮಾರ್ಚ್ 22ರ ವರದಿಯನ್ನು ಹಿಂಪಡೆಯುತ್ತೇನೆ." ಈ ಸಲ ‘ಇರಬಹುದು’ ಎಲ್ಲೂ ಇಲ್ಲ. ನಕಲು ಮಾಡಿಸಿ ಡ್ರೈವರುಗಳ ಕೋಣೆಯ ಬಾಗಿಲಿಗೂ ಅಂಟಿಸಿದೆ.

ವೆಲ್ಡರ್ ಏಣಿ ಹಾಕಿ ಬೋರ್ಡ್ ಕಿತ್ತುಕೊಟ್ಟ. "ಏಳು ವರ್ಷ ಆಯ್ತು ಅಕ್ಕ, ಹಿಂದ್ಗಡೆ ಹಲ್ಲಿ ಸಂಸಾರ ಮಾಡಿದೆ," ಎಂದ.

ಏಪ್ರಿಲ್ 18, ಶುಕ್ರವಾರ

ಅವನು ಇವತ್ತು ಕೆಲಸಕ್ಕೆ ಬರಲಿಲ್ಲ. ಬಾಗಿಲಿಗೆ ಅಂಟಿಸಿದ್ದನ್ನು ಯಾರಾದರೂ ಹೇಳಿರಬಹುದು. ಹೇಳದೆಯೂ ಇರಬಹುದು. ಯಜಮಾನರಿಂದ ಕೀ ಇಸಿದುಕೊಂಡು ಬಂದಿದ್ದೇನೆ. ಬ್ಯಾಗಿನಲ್ಲಿದೆ. ಅಷ್ಟು ಸಣ್ಣ ಕೀಗೆ ಇಷ್ಟು ಭಾರ ಎಲ್ಲಿಂದ ಬಂತೋ.

ಏಪ್ರಿಲ್ 19, ಶನಿವಾರ

ಅವನ ಮನೆಗೆ ಹೋದೆ. ಎರಡು ವರ್ಷದ ಮೇಲೆ. ಮೂರನೇ ಮಹಡಿ, ಮೆಟ್ಟಿಲಿನ ಕಂಬಿಗೆ ಒಗೆದ ಬಟ್ಟೆ ಒಣಗಲು ಹಾಕಿದ್ದರು. ಬಾಗಿಲು ತೆರೆದದ್ದು ಅವನ ಮಗಳು. ಈಗ ಏಳು ವರ್ಷ ಇರಬೇಕು. ನನ್ನನ್ನು ಕ್ಷಣ ನೋಡಿ ಒಳಗೆ ಓಡಿದಳು. "ಅಪ್ಪಾ, ಮೇಡಂ ಅತ್ತೆ ಬಂದಿದಾರೆ!"

ಮೇಡಂ ಅತ್ತೆ. ನಗು ಬಂತು, ನಗಲಾಗಲಿಲ್ಲ.

ಅವನು ಅಡುಗೆಮನೆಯ ನೆಲದ ಮೇಲೆ ಕೂತು ಕೆಟ್ಟ ಮಿಕ್ಸಿ ಬಿಚ್ಚಿ ಹರಡಿಕೊಂಡಿದ್ದ. ಪ್ಲಗ್ಗು ತೆಗೆದು ಪಕ್ಕಕ್ಕೆ ಇಟ್ಟಿದ್ದ, ಸಾಲದ್ದಕ್ಕೆ ಮನೆಯ ಮೇನ್ ಸ್ವಿಚ್ಚನ್ನೂ ಆಫ್ ಮಾಡಿದ್ದ. ಫ್ಯಾನ್ ಇಲ್ಲದೆ ಮನೆಯವರೆಲ್ಲ ಬೆವರುತ್ತಿದ್ದರು. ಇವನನ್ನು ಕಳ್ಳ ಎಂದು ಸಹಿ ಹಾಕಿದ್ದೆ.

ನಿಂತೇ ಹೇಳಿದೆ. ಪಂಪು, ಸ್ವಿಚ್ಚು, ಎರಡು ಲೋಟ, ಎಲ್ಲ. ಆಮೇಲೆ, "ತಪ್ಪು ನಂದು ಕಣೋ," ಎಂದೆ. ಇದನ್ನು ಸ್ಕೂಟರಿನ ಮೇಲೆ ಬರುವಾಗ ನಾಲ್ಕು ಬಗೆಯಲ್ಲಿ ಹೇಳಿ ನೋಡಿಕೊಂಡಿದ್ದೆ. ಕೊನೆಗೆ ಬಂದದ್ದು ಐದನೆಯದು.

ಅವನು ಮಿಕ್ಸಿಯ ಬ್ಲೇಡನ್ನು ತಿರುಗಿಸಿ ತಿರುಗಿಸಿ ನೋಡಿದ. "ಬೇರೆಯೋರು ಆಫ್ ಮಾಡಲ್ಲ ಅಂತ ನಂಗೆ ಗೊತ್ತಿತ್ತು ಮೇಡಂ."

"ಮತ್ತೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಅವರಿಗೆಲ್ಲ ನಿಮ್ಮ ಕೈಲಿ ಬೈಗುಳ. ಅದೂ ಅಲ್ದೆ, ನೀವು ಆ ಬೋರ್ಡ್ ಹಾಕ್ಸಿದ್ದು ನನಗೋಸ್ಕರ ಅಲ್ವಾ."

ಏಳು ವರ್ಷದಲ್ಲಿ ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿಕೊಂಡಿರಲಿಲ್ಲ. ಕೀಯನ್ನು ಮಿಕ್ಸಿಯ ತಿರುಪುಗಳ ಪಕ್ಕದಲ್ಲಿ ಇಟ್ಟು, ಟೀ ಬೇಡ ಎಂದು ಹೇಳಿ, ಟೀ ಕುಡಿದು ಬಂದೆ.

ಏಪ್ರಿಲ್ 20, ಭಾನುವಾರ

ಹೊಸ ಬೋರ್ಡ್ ಬರೆಯಲು ಕೊಟ್ಟೆ: "ಲಾರಿ ನಿಲ್ಲಿಸಿದ ಮೇಲೆ ಎರಡು ನಿಮಿಷ ಕಾಯಿರಿ. ಪಂಪಿನ ಸದ್ದು ನಿಂತ ಮೇಲೆ ಮೇನ್ ಸ್ವಿಚ್ ಆಫ್ ಮಾಡಿ." ಬರೆಯುವವನು ಕೆಳಗೆ ಸಹಿ ಬೇಕಾ ಎಂದ. ಬೇಡ ಎಂದೆ.

ಏಪ್ರಿಲ್ 21, ಸೋಮವಾರ

ಹದಿನಾಲ್ಕು ತಮ್ಮನ ಕೈಗೆ ವಾಪಸ್ಸು ಹೋಯಿತು. ಮೊದಲ ದಿನ ಸ್ಕ್ಯಾನರ್ ಹಿಡಿದು ನಾನೂ ಪಕ್ಕದಲ್ಲಿ ಕೂತೆ. ಲೋಡು ಹಾಕಿಕೊಂಡು ಏರು ಹತ್ತಿದೆವು, ಇಳಿದೆವು, ಖಾಲಿ ಮಾಡಿ ಬಂದೆವು. ದಿನವಿಡೀ ಒಂಬತ್ತು ಬಾರ್. ಸಂಜೆ ಮಬ್ಬಾಗುತ್ತಿತ್ತು, ಪಾರ್ಕಿಂಗ್ ದೀಪಗಳನ್ನು ಹಾಕಿಕೊಂಡು ಅಂಗಳಕ್ಕೆ ಬಂದೆವು. ಎಂಜಿನ್ ನಿಲ್ಲಿಸಿದ. ಕೈ ತಾನಾಗಿಯೇ ಬಾಗಿಲಿನ ಕಡೆ ಹೋಯಿತು.

"ಕೂತ್ಕೋ. ಎರಡು ನಿಮಿಷ," ಎಂದೆ.

ಪಂಪು ಗುರ್ ಎನ್ನತೊಡಗಿತು. ಇಬ್ಬರೂ ಮುಂದಿನ ಗಾಜನ್ನು ನೋಡುತ್ತ ಕೂತೆವು. ಎರಡು ನಿಮಿಷ ಎಷ್ಟು ಉದ್ದ ಎಂಬುದು ಬೋರ್ಡ್ ಬರೆಸುವವರಿಗೆ ಗೊತ್ತಿರುವುದಿಲ್ಲ.

"ಆವತ್ತು ನಾನು ಗಲ್ಲಿ ತುದೀಲಿದ್ದೆ," ಎಂದ.

"ಯಾವತ್ತು?"

"ಅಮ್ಮ ಹೋದ ದಿನ. ಗಲ್ಲಿಯೊಳಗೆ ಲಾರಿ ಬರಲ್ವಲ್ಲ, ಮೂಲೇಲಿ ನಿಲ್ಲಿಸ್ದೆ. ಇಳಿಯೋಷ್ಟರಲ್ಲಿ ನಿನ್ನ ಫೋನ್ ಬಂತು. ‘ಅಮ್ಮ ಹೋದ್ಲು, ಇನ್ನು ನೀನು ಬಂದ್ರೇನು, ಬಿಟ್ರೇನು’ ಅಂದೆ. ಇಲ್ಲೇ ಇದೀನಿ ಅಕ್ಕಾ ಅನ್ನೋ ಅಷ್ಟರಲ್ಲಿ ನೀನು ಇಟ್ಬಿಟ್ಟೆ."

ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಹೇಳಿರಬೇಕು. ನಾನು ಹೇಳುವ ಮಾತಿನ ಹಾಗೆಯೇ ಇದೆ.

"ಆಮೇಲೆ?" ಎಂದೆ.

"ಆಮೇಲೇನೂ ಇಲ್ಲ. ಅಲ್ಲೇ ಕೂತಿದ್ದೆ. ಮನೆ ದೀಪ ಕಾಣ್ತಿತ್ತು. ನೀನು ಬೇಡ ಅಂದ್ಮೇಲೆ ಹೆಂಗೆ ಬರೋದು? ಬೆಳಕಾದ್ಮೇಲೆ ಮನಸ್ಸು ತಡೀಲಿಲ್ಲ, ಬಂದೆ."

ಐವತ್ತು ಹೆಜ್ಜೆ ದೂರ. ಲಾರಿಯೊಳಗೆ ಕೂತು ಅಮ್ಮನ ಮನೆಯ ದೀಪ ನೋಡುತ್ತಿದ್ದ. ಒಳಗೆ ನಾನು ಬಂದವರಿಗೆಲ್ಲ ಅವನು ಬರಲಿಲ್ಲ, ಅವನು ಬರಲಿಲ್ಲ ಎಂದು ಹೇಳುತ್ತಿದ್ದೆ.

ಅತ್ತೆ. ಮುಚ್ಚಿಡುವುದೇನಿದೆ, ಜೋರಾಗಿಯೇ ಅತ್ತೆ. ಅವನು ಡ್ಯಾಶ್‌ಬೋರ್ಡಿನ ಮೇಲಿದ್ದ ಗಾಜು ಒರೆಸುವ ಬಟ್ಟೆ ಕೊಟ್ಟ. ಅದರಲ್ಲಿ ಗ್ರೀಸ್ ಇತ್ತು. "ಅಕ್ಕ, ಮೀಸೆ ಬಂತು ನಿಂಗೆ," ಎಂದ. ಅಮ್ಮ ಕೊನೆಯಲ್ಲಿ ಏನೇನು ಕೇಳಿದಳು ಎಂದು ಅವನಿಗೆ ಹೇಳಿದೆ. ಚಿಕ್ಕೋನು ಬಂದ್ನಾ ಎಂದು ಕೇಳುತ್ತಿದ್ದಳು ಎಂದದ್ದಕ್ಕೆ ಅವನೂ ಸ್ವಲ್ಪ ಹೊತ್ತು ಬಟ್ಟೆ ಇಸಿದುಕೊಂಡ. ಪಂಪು ಯಾವಾಗ ನಿಂತಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಕೆಳಗಿಳಿದಾಗ ಅಂಗಳದಲ್ಲಿ ಯಾರೂ ಇರಲಿಲ್ಲ. ನನ್ನ ಸ್ಕೂಟರಿನವರೆಗೂ ಬಂದು ಹೋದ.

ಏಪ್ರಿಲ್ 22, ಮಂಗಳವಾರ

ಬೆಳಿಗ್ಗೆ ಹದಿನಾಲ್ಕು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಪೂರ್ತಿ ಇಳಿದಿತ್ತು. ಪಾರ್ಕಿಂಗ್ ದೀಪಗಳು ರಾತ್ರಿಯಿಡೀ ಉರಿದು, ಕೆಂಡ ಆರುವ ಹಾಗೆ ಮಿಣುಕುತ್ತಿದ್ದವು. ಮೇನ್ ಸ್ವಿಚ್ ಆನ್ ಆಗಿಯೇ ಇತ್ತು. ಹೊಸ ಬೋರ್ಡ್ ಅದರ ಎದುರಿಗೇ, ಬಣ್ಣ ಕೂಡ ಒಣಗಿರಲಿಲ್ಲ.

ಡ್ರೈವರುಗಳೆಲ್ಲ ಸುತ್ತ ಸೇರಿದ್ದರು. ಹಾಡುಗಾರನಿಗೆ ಇದಕ್ಕಿಂತ ಒಳ್ಳೆಯ ದಿನ ಜೀವನದಲ್ಲಿ ಬಂದಿರಲಿಲ್ಲ. ಯಜಮಾನರು ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತರು.

"ಯಾರ್ರೀ ಇದು? ಸ್ವಿಚ್ ಆಫ್ ಮಾಡ್ದೆ ಹೋಗಿರೋದು ಯಾರು?"

"ನಾನು," ಎಂದೆ. "ನಾನು ಮತ್ತೆ ನನ್ನ ತಮ್ಮ."